ತಂದದ್ದು ಪೂರ್ತಿ ಒದಗಲಿ



ಮನೆಖರ್ಚಿನಲ್ಲಿ ಉಳಿತಾಯದ ಮಾತು ಬಂದಾಗಲೆಲ್ಲ ಮೊದಲು ಕಿವಿಗೆ ಬೀಳುವ ಸಲಹೆ ಒಂದೇ. ಸಿನಿಮಾ ಬಿಡಿ, ಹೋಟೆಲ್ ಬಿಡಿ, ಹಬ್ಬಕ್ಕೆ ಹೊಸ ಬಟ್ಟೆ ಬಿಡಿ. ಹೀಗೆ ಹೇಳುವವರಿಗೆ ನಮ್ಮ ಬಹುಪಾಲು ಮನೆಗಳ ಪರಿಚಯ ಸಾಲದು ಅಂತ ನನಗನಿಸುತ್ತದೆ. ತಿಂಗಳಿಗೆ ಹದಿನೈದೋ ಇಪ್ಪತ್ತೋ ಸಾವಿರ ರೂಪಾಯಿಯಲ್ಲಿ ಬಾಡಿಗೆ, ಮಕ್ಕಳ ಶಾಲೆ ಫೀಸು, ವಯಸ್ಸಾದವರ ಮಾತ್ರೆ, ದಿನಸಿ ಎಲ್ಲವನ್ನೂ ತೂಗಿಸುವ ಮನೆಯಲ್ಲಿ ಬಿಡಬಹುದಾದದ್ದನ್ನು ಯಾವತ್ತೋ ಬಿಟ್ಟಾಗಿರುತ್ತದೆ. ಅಂಥ ಮನೆಯಲ್ಲಿ ಉಳಿತಾಯ ಇನ್ನು ಎಲ್ಲಿಂದ ಬರಬೇಕು?

ಈಗಾಗಲೇ ದುಡ್ಡು ಕೊಟ್ಟು ತಂದದ್ದರಲ್ಲಿ ಎಷ್ಟು ಪಾಲು ನಮಗೆ ಒದಗದೆ ಹೋಗುತ್ತಿದೆ ಅಂತ ಹುಡುಕಿದರೆ ಅಲ್ಲಿಂದ ಬರುತ್ತದೆ. ಒಲೆಯ ಶಾಖ, ಕರೆಂಟು, ಬೇಳೆಕಾಳು, ಔಷಧಿ, ದುಡಿದ ದುಡ್ಡು, ಇವೆಲ್ಲ ನಾವು ಬೆಲೆ ತೆತ್ತು ಪಡೆದವು. ಇವುಗಳಲ್ಲಿ ಒಂದಿಷ್ಟು ನಮ್ಮ ಉಪಯೋಗಕ್ಕೆ ಬರದೆ ಸೋರಿಹೋಗುತ್ತದೆ. ಆ ಸೋರಿಕೆ ಎಲ್ಲಿ, ಅದನ್ನು ಕಟ್ಟುವುದು ಹೇಗೆ ಅಂತ ಇವತ್ತು ನಿಮ್ಮ ಜೊತೆ ಮಾತಾಡುತ್ತೇನೆ.

ಮೈಸೂರು, ಮಂಡ್ಯ, ಹಾಸನ, ತುಮಕೂರಿನ ಕಡೆಯವರಿಗೆ ಬಸ್ಸಾರು ಚೆನ್ನಾಗಿ ಗೊತ್ತು. ಹೆಸರುಕಾಳನ್ನೋ ತೊಗರಿಬೇಳೆಯನ್ನೋ ಸೊಪ್ಪಿನ ಜೊತೆ ಬೇಯಿಸಿ ನೀರು ಬಸಿದುಕೊಳ್ಳುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ಕಾಯಿತುರಿ, ಹುಣಸೆಹಣ್ಣು, ಖಾರದ ಪುಡಿ, ಜೊತೆಗೆ ಬೆಂದ ಕಾಳುಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಿ, ಬಸಿದ ನೀರಿಗೆ ಹಾಕಿ ಕುದಿಸಿದರೆ ಸಾರು. ಪಾತ್ರೆಯಲ್ಲಿ ಉಳಿದದ್ದಕ್ಕೆ ಸಾಸಿವೆ, ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟರೆ ಪಲ್ಯ. ಬೇಯಿಸಿದ್ದು ಒಂದೇ ಪಾತ್ರೆಯಲ್ಲಿ, ಅಡುಗೆ ಎರಡಾಯಿತು. ಸೊಪ್ಪಿನ ಸತ್ವ ಬೇಯುವ ನೀರಿಗೆ ಇಳಿಯುತ್ತದೆ; ಆ ನೀರನ್ನು ಚೆಲ್ಲದೆ ಉಣ್ಣುವುದರಿಂದ ಸತ್ವವೂ ಮನೆಯವರ ಹೊಟ್ಟೆಗೇ ಸೇರುತ್ತದೆ. ಉತ್ತರ ಕರ್ನಾಟಕದಲ್ಲಿ ಹೋಳಿಗೆ ಮಾಡಿದ ದಿನ ಕಡಲೆಬೇಳೆ ಬೇಯಿಸಿದ ಕಟ್ಟಿನಿಂದ ಕಟ್ಟಿನ ಸಾರು ಮಾಡುತ್ತಾರೆ. ಕರಾವಳಿಯವರು ಹೀರೆಕಾಯಿಯ ಸಿಪ್ಪೆಯನ್ನು ಚಟ್ನಿಗೂ ಕಲ್ಲಂಗಡಿಯ ಕೆಂಪು ತಿರುಳಿನ ಕೆಳಗಿರುವ ಬಿಳಿ ಭಾಗವನ್ನು ದೋಸೆ ಹಿಟ್ಟಿಗೂ ಹಾಕುತ್ತಾರೆ. ಹಲಸಿನ ಹಣ್ಣು ತಿಂದ ಮೇಲೆ ಬೀಜ ಒಣಗಿಸಿಟ್ಟುಕೊಂಡು ಮಳೆಗಾಲದಲ್ಲಿ ಹುಳಿಗೆ ಹಾಕುವವರು ಎಲ್ಲ ಕಡೆ ಇದ್ದಾರೆ. ಇದನ್ನು ಬಡತನದ ಅಡುಗೆ ಅಂತ ಯಾರಾದರೂ ಕರೆದರೆ ನಾನು ಒಪ್ಪುವುದಿಲ್ಲ. ರುಚಿ ಗೊತ್ತಿರುವವರ, ಕೈ ಪಳಗಿದವರ ಅಡುಗೆ ಇದು. ನಾನು ಹೇಳಬೇಕೆಂದಿರುವ ಉಳಿತಾಯವೆಲ್ಲ ಈ ಬಸ್ಸಾರಿನಲ್ಲೇ ಅಡಗಿದೆ.

ಒಲೆಯ ಹತ್ತಿರವೇ ಇನ್ನೂ ಸ್ವಲ್ಪ ನಿಲ್ಲೋಣ. ಕುಕ್ಕರ್ ಇಲ್ಲದ ಮನೆ ಈಗ ಕಡಿಮೆ. ಆದರೆ ಕುಕ್ಕರ್ ಕೂಗಲು ಶುರುವಾದ ಮೇಲೂ ಒಲೆಯನ್ನು ಹಾಗೇ ಜೋರಾಗಿ ಬಿಡುವವರು ಬಹಳ. ಒಳಗೆ ಏನಾಗುತ್ತದೆ ನೋಡಿ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತದೆ. ಕುಕ್ಕರಿನೊಳಗೆ ಹಬೆ ಒತ್ತುವುದರಿಂದ ಅದೇ ನೀರು ಸುಮಾರು 120 ಡಿಗ್ರಿಯವರೆಗೆ ಏರುತ್ತದೆ. ಅದಕ್ಕಿಂತ ಮೇಲೆ ಹೋಗದಂತೆ ತಡೆಯುವುದೇ ಮುಚ್ಚಳದ ಮೇಲಿನ ತೂಕದ ಕೆಲಸ. ಹಾಗಾಗಿ ತೂಕ ಎದ್ದು ಕೂಗಿದ ಮೇಲೆ ನೀವು ಎಷ್ಟೇ ಉರಿ ಕೊಟ್ಟರೂ ಒಳಗಿನ ಬಿಸಿ ಏರುವುದಿಲ್ಲ, ಬೇಳೆ ಬೇಗ ಬೇಯುವುದೂ ಇಲ್ಲ. ಹೆಚ್ಚುವರಿ ಗ್ಯಾಸೆಲ್ಲ ಹಬೆಯಾಗಿ ಹೊರಗೆ ಹೋಗುತ್ತದೆ. ಮೊದಲ ಕೂಗು ಬಂದ ಕೂಡಲೇ ಉರಿಯನ್ನು ಪೂರ್ತಿ ಸಣ್ಣಗೆ ಮಾಡಿ, ಕೂಗು ಎಣಿಸುವುದರ ಬದಲು ಗಡಿಯಾರ ನೋಡಿ. ನೆನೆಸಿದ ಕಾಳಾದರೆ ಇನ್ನೂ ಬೇಗ ಬೆಂದೀತು. ಒಲೆ ಆರಿಸಿದ ಮೇಲೆ ತೂಕ ಎತ್ತಿ ಹಬೆ ಬಿಡಬೇಡಿ. ಕುಕ್ಕರ್ ತಾನಾಗಿ ಇಳಿಯುವವರೆಗೂ ಒಳಗಿನ ಶಾಖ ಬೇಯಿಸುತ್ತಲೇ ಇರುತ್ತದೆ, ಆ ಶಾಖಕ್ಕೂ ನೀವು ದುಡ್ಡು ಕೊಟ್ಟಿದ್ದೀರಿ. ಅನ್ನ, ಬೇಳೆ, ತರಕಾರಿ ಮೂರನ್ನೂ ಒಂದರ ಮೇಲೊಂದು ಡಬ್ಬಿಯಲ್ಲಿಟ್ಟು ಒಂದೇ ಸಲಕ್ಕೆ ಇಳಿಸುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಇಲ್ಲದವರು ಮಾಡಿಕೊಳ್ಳಿ.

ಉರಿ ನೀಲಿಯಾಗಿರಬೇಕು. ಹಳದಿಗೆ ತಿರುಗಿ ಪಾತ್ರೆಯ ತಳಕ್ಕೆ ಮಸಿ ಹಿಡಿಯುತ್ತಿದ್ದರೆ ಗ್ಯಾಸು ಪೂರ್ತಿ ಉರಿಯುತ್ತಿಲ್ಲ ಅಂತ ಅರ್ಥ. ಬರ್ನರ್ ತೆಗೆದು ತೂತುಗಳನ್ನು ಉಜ್ಜಿ ಒಣಗಿಸಿ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಪಾತ್ರೆಯ ತಳದಾಚೆಗೆ ಚಾಚಿಕೊಂಡ ಉರಿ ಅಡುಗೆಮನೆಯ ಗಾಳಿಯನ್ನು ಬಿಸಿಮಾಡುತ್ತದೆಯೇ ಹೊರತು ಅಡುಗೆಯನ್ನಲ್ಲ. ಇನ್ನೊಂದು ವಿಷಯ, ಸಿಲಿಂಡರ್ ತೂಕದ್ದು. ಮನೆಬಳಕೆಯ ಸಿಲಿಂಡರಿನಲ್ಲಿ 14.2 ಕಿಲೋ ಅನಿಲ ಇರಬೇಕು. ಬರಿ ಸಿಲಿಂಡರಿನ ತೂಕವನ್ನು ಅದರ ಮೇಲೇ ಬರೆದಿರುತ್ತಾರೆ. ಎರಡನ್ನೂ ಕೂಡಿದಷ್ಟು ತೂಗಬೇಕು. ತಂದವರ ಹತ್ತಿರ ತೂಗಿ ತೋರಿಸಿ ಅಂತ ಕೇಳುವ ಹಕ್ಕು ನಿಮಗಿದೆ. ಸಂಕೋಚಪಡಬೇಡಿ, ನಗುನಗುತ್ತಲೇ ಕೇಳಿ.

ಇನ್ನು ಕರೆಂಟಿನ ವಿಷಯ. ಒಂದು ಯೂನಿಟ್ ಅಂದರೆ 1000 ವಾಟ್ ಶಕ್ತಿಯ ಉಪಕರಣ ಒಂದು ಗಂಟೆ ನಡೆದಾಗ ಆಗುವ ಖರ್ಚು. ಇದೊಂದು ಗೊತ್ತಿದ್ದರೆ ಮನೆಯ ಪ್ರತಿ ಸ್ವಿಚ್ಚಿನ ಲೆಕ್ಕವನ್ನೂ ನೀವೇ ಹಾಕಬಹುದು. ಹಳೆಯ ಕಾಲದ ಫ್ಯಾನು ಸುಮಾರು 75 ವಾಟ್ ಎಳೆಯುತ್ತದೆ. ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಈಗ ಬಂದಿರುವ ಬಿಎಲ್‌ಡಿಸಿ ಫ್ಯಾನು 30 ವಾಟಿನ ಆಸುಪಾಸಿನಲ್ಲಿ ಅಷ್ಟೇ ಗಾಳಿ ಕೊಡುತ್ತದೆ, ತಿಂಗಳಿಗೆ 11 ಯೂನಿಟ್ ಸಾಕು. ಬೆಲೆ ಹೆಚ್ಚು, ನಿಜ. ಹಾಗಾಗಿ ಚೆನ್ನಾಗಿರುವ ಫ್ಯಾನು ಬಿಚ್ಚಿ ಹೊಸದು ಹಾಕಿ ಅಂತ ನಾನು ಹೇಳುವುದಿಲ್ಲ. ಹಳೆಯದು ಕೆಟ್ಟು ಹೊಸದು ತರುವ ದಿನ ಬಂದಾಗ, ರಾತ್ರಿಯಿಡೀ ತಿರುಗುವ ಕೋಣೆಗೆ ಇದನ್ನು ತನ್ನಿ. 60 ವಾಟಿನ ಬುರುಡೆ ಬಲ್ಬು ಎಲ್ಲಾದರೂ ಉಳಿದಿದ್ದರೆ, ಬಚ್ಚಲಲ್ಲೋ ದನದ ಕೊಟ್ಟಿಗೆಯಲ್ಲೋ, ಅದನ್ನು ಮಾತ್ರ ನಾಳೆಯೇ ತೆಗೆದು 9 ವಾಟಿನ ಎಲ್‌ಇಡಿ ಹಾಕಿ.

ಮೀಟರಿನ ಹತ್ತಿರ ಒಂದು ಪರೀಕ್ಷೆ ಮಾಡಬಹುದು. ಮಕ್ಕಳಿಗೂ ಇಷ್ಟವಾಗುತ್ತದೆ. ಡಿಜಿಟಲ್ ಮೀಟರಿನ ಮುಖದ ಮೇಲೆ ಸಣ್ಣದೊಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಪಕ್ಕದಲ್ಲೇ 3200 ಅಂತಲೋ 1600 ಅಂತಲೋ ಅಚ್ಚಾಗಿರುತ್ತದೆ. ಅಷ್ಟು ಸಲ ಮಿನುಗಿದರೆ ಒಂದು ಯೂನಿಟ್ ಖರ್ಚಾಯಿತು ಅಂತ. ಫ್ರಿಜ್ಜಿನ ಸ್ವಿಚ್ಚನ್ನು ಹತ್ತು ನಿಮಿಷ ಆರಿಸಿ, ಮನೆಯ ದೀಪ, ಫ್ಯಾನು, ಟಿವಿ ಎಲ್ಲವನ್ನೂ ನೀವು ದಿನಾ ಆರಿಸುವ ರೀತಿಯಲ್ಲೇ ಆರಿಸಿ, ಮೀಟರಿನ ಮುಂದೆ ನಿಂತು ನೋಡಿ. ಆಗಲೂ ದೀಪ ಮಿನುಗುತ್ತಿದ್ದರೆ ಮನೆಯಲ್ಲಿ ಏನೋ ಒಂದು ಕರೆಂಟು ಎಳೆಯುತ್ತಿದೆ. ರಿಮೋಟಿನಿಂದ ಆರಿಸಿ ಗೋಡೆಯ ಸ್ವಿಚ್ಚು ಹಾಗೇ ಬಿಟ್ಟ ಟಿವಿಯ ಸೆಟ್‌ಟಾಪ್ ಪೆಟ್ಟಿಗೆ ಎಷ್ಟೋ ಮನೆಗಳಲ್ಲಿ ಸಿಕ್ಕಿಬೀಳುತ್ತದೆ. ಅದು 10 ವಾಟ್ ಎಳೆದರೂ ಹಗಲೂ ರಾತ್ರಿ ಸೇರಿ ತಿಂಗಳಿಗೆ 7 ಯೂನಿಟ್ ದಾಟುತ್ತದೆ. ಅದರಲ್ಲಿ ಬಹುಪಾಲು ಯಾರೂ ಟಿವಿ ನೋಡದ ಹೊತ್ತಿನಲ್ಲಿ. ಎಲ್ಲ ಪ್ಲಗ್ ಕಿತ್ತ ಮೇಲೂ ಮಿನುಗು ನಿಲ್ಲದಿದ್ದರೆ ವೈರಿಂಗಿನಲ್ಲಿ ದೋಷವಿರಬಹುದು, ಎಲೆಕ್ಟ್ರಿಷಿಯನ್ ಕರೆಸಿ. ಅದು ಹಣಕ್ಕಿಂತ ಮೊದಲು ಪ್ರಾಣದ ಪ್ರಶ್ನೆ.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಕರೆಂಟಿನ ಲೆಕ್ಕ ಯಾಕೆ ಅಂತ ಕೆಲವರು ಕೇಳಬಹುದು. 2023ರಿಂದ ನಡೆಯುತ್ತಿರುವ ಈ ಯೋಜನೆಯ ಒಳಗುಟ್ಟನ್ನು ಸರಿಯಾಗಿ ತಿಳಿದುಕೊಂಡವರು ಕಡಿಮೆ. ಎಲ್ಲರಿಗೂ 200 ಯೂನಿಟ್ ಉಚಿತ ಅಂತಿಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಬಳಸಿತ್ತೋ ಅದರ ಮೇಲೆ ಶೇಕಡಾ 10ರಷ್ಟು ಸೇರಿಸಿ ನಿಮ್ಮ ಪಾಲು ಗೊತ್ತುಮಾಡಿದರು. ತೀರ ಕಡಿಮೆ ಬಳಸುವವರಿಗೆ ಆಮೇಲೆ 10 ಯೂನಿಟ್ ಸೇರಿಸಿಕೊಟ್ಟರು. ಆ ಪಾಲು ದಾಟಿ 200ರ ಒಳಗಿದ್ದರೆ ದಾಟಿದ್ದಕ್ಕಷ್ಟೇ ದುಡ್ಡು. 200 ದಾಟಿದರೆ ಮಾತ್ರ ಇಡೀ ಬಿಲ್ಲನ್ನು ಕಟ್ಟಬೇಕು. ಅಂದರೆ 190ರ ಆಸುಪಾಸಿನಲ್ಲಿರುವ ಮನೆಗೆ ಬೇಸಿಗೆಯ ಒಂದು ತಿಂಗಳಲ್ಲಿ ಹತ್ತು ಹನ್ನೆರಡು ಯೂನಿಟ್ ಹೆಚ್ಚಾದರೆ ಸಾವಿರ ರೂಪಾಯಿಗೂ ಮೇಲೆ ಬಿಲ್ಲು ಬರುತ್ತದೆ. ಅಂಥ ಮನೆಯವರು ತಿಂಗಳ ನಡುವೆ ಒಂದು ಸಲ ಮೀಟರ್ ಓದಿ ಬರೆದಿಟ್ಟುಕೊಳ್ಳಬೇಕು. ಹಿಂದಿನ ಓದು ಬಿಲ್ಲಿನಲ್ಲೇ ಇರುತ್ತದೆ.

ನೀರಿನ ಬಗ್ಗೆ ಒಂದೇ ಮಾತು. ಮೋಟಾರು ಮೊದಲಿಗಿಂತ ಹೆಚ್ಚು ಹೊತ್ತು ಓಡುತ್ತಿದೆ ಅನಿಸಿದರೆ ಕಕ್ಕಸಿನ ಫ್ಲಶ್ ಟ್ಯಾಂಕಿಗೆ ಚಿಟಿಕೆ ಅರಿಸಿನ ಕದಡಿ ಅರ್ಧ ಗಂಟೆ ಯಾರೂ ಬಳಸದೆ ಬಿಡಿ. ಕೆಳಗಿನ ನೀರು ಹಳದಿಯಾದರೆ ಒಳಗಿನ ವಾಷರ್ ಸವೆದು ನೀರು ಸದ್ದಿಲ್ಲದೆ ಹರಿದುಹೋಗುತ್ತಿದೆ. ವಾಷರಿನ ಖರ್ಚು ಚಿಲ್ಲರೆ.

ದಿನಸಿಗೆ ಬರುತ್ತೇನೆ. ನಮ್ಮ ಹಿರಿಯರಿಗೆ ಯಾವ ಪದಾರ್ಥ ಯಾವ ತಿಂಗಳಲ್ಲಿ ಕೊಳ್ಳಬೇಕು ಅಂತ ಗೊತ್ತಿತ್ತು. ಹೊಸ ರಾಗಿ ಸುಗ್ಗಿಯ ಹೊತ್ತಿಗೆ, ಕಲಬುರಗಿಯ ಹೊಸ ತೊಗರಿ ಸಂಕ್ರಾಂತಿಯ ಸುತ್ತಮುತ್ತ, ಬ್ಯಾಡಗಿ ಮೆಣಸಿನಕಾಯಿ ಅದರ ಬೆನ್ನಿಗೆ, ಹುಣಸೆಹಣ್ಣು ಶಿವರಾತ್ರಿಯಿಂದ ಯುಗಾದಿಯವರೆಗೆ. ಆ ದಿನಗಳಲ್ಲಿ ಮಾಲು ಹೊಸದು, ಬೆಲೆಯೂ ಸಾಮಾನ್ಯವಾಗಿ ಇಳಿದಿರುತ್ತದೆ. ವರ್ಷಕ್ಕಾಗುವಷ್ಟು ತಂದಿಡಲು ಈಗ ಬಾಡಿಗೆ ಮನೆಯಲ್ಲಿ ಜಾಗವಿಲ್ಲ, ಒಟ್ಟಿಗೆ ಹಾಕಲು ದುಡ್ಡೂ ಇರುವುದಿಲ್ಲ. ಅದಕ್ಕೆ ನಾಲ್ಕು ಮನೆಯವರು ಸೇರಿ ಒಂದು ಮೂಟೆ ತಂದು ಹಂಚಿಕೊಳ್ಳಬಹುದು. ಬೇಳೆಯನ್ನು ಬಿಸಿಲಿಗೆ ಹಾಕಿ, ಆರಿಸಿ, ಚೂರು ಹರಳೆಣ್ಣೆ ಸವರಿ ಡಬ್ಬಿಗೆ ತುಂಬಿದರೆ ಹುಳ ಹಿಡಿಯದು. ಇಟ್ಟುಕೊಳ್ಳುವ ಅನುಕೂಲ ಇಲ್ಲದಿದ್ದರೆ ಮಾತ್ರ ಅಗ್ಗ ಅಂತ ಹೆಚ್ಚು ತರಬೇಡಿ. ಹುಳ ಬಿದ್ದು ಎಸೆದ ಎರಡು ಕಿಲೋ ಬೇಳೆ ಇಡೀ ವರ್ಷದ ಉಳಿತಾಯವನ್ನು ತಿಂದುಹಾಕುತ್ತದೆ.

ತರಕಾರಿಯಲ್ಲೂ ಹಟ ಹಿಡಿಯದಿರುವುದು ಒಳ್ಳೆಯದು. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿತ್ತು. ಟೊಮೆಟೊ ನಮ್ಮ ಅಡುಗೆಮನೆಗೆ ಬಂದದ್ದೇ ತಡವಾಗಿ. ಅದಕ್ಕೂ ಮೊದಲು ಹುಣಸೆಹಣ್ಣು, ಮಾವಿನಕಾಯಿ, ಬಿಂಬುಳಿ, ನಿಂಬೆಹಣ್ಣಿನಲ್ಲೇ ಹುಳಿ ಆಗುತ್ತಿತ್ತು. ಬೆಲೆ ಏರಿದ ವಾರ ಆ ತರಕಾರಿಯನ್ನು ಬಿಟ್ಟು, ಇಳಿದ ವಾರ ಚೆನ್ನಾಗಿ ತಿನ್ನಿ. ಕೋಲಾರದ ಮಾರುಕಟ್ಟೆಯಲ್ಲಿ ಟೊಮೆಟೊ ಕೇಳುವವರಿಲ್ಲದೆ ರೈತ ರಸ್ತೆಗೆ ಸುರಿಯುವ ದಿನಗಳೂ ಬರುತ್ತವೆ. ಆಗ ಕೊಂಡು ತೊಕ್ಕು ಮಾಡಿಟ್ಟರೆ ಅವರಿಗೂ ನಮಗೂ ಒಳ್ಳೆಯದು.

ಪೊಟ್ಟಣದ ಸಾಮಾನು ಕೊಳ್ಳುವಾಗ ದೊಡ್ಡ ಪೊಟ್ಟಣವೇ ಅಗ್ಗ ಅಂತ ನಾವು ನಂಬಿಬಿಟ್ಟಿದ್ದೇವೆ. ಯಾವಾಗಲೂ ಹಾಗಿರುವುದಿಲ್ಲ. 200 ಗ್ರಾಮಿನದಕ್ಕೆ 58 ರೂಪಾಯಿ, 500 ಗ್ರಾಮಿನದಕ್ಕೆ 150 ರೂಪಾಯಿ ಅಂತಿಟ್ಟುಕೊಳ್ಳಿ. ಭಾಗಿಸಿ ನೋಡಿದರೆ ಮೊದಲನೆಯದು ಗ್ರಾಮಿಗೆ 29 ಪೈಸೆ, ಎರಡನೆಯದು 30 ಪೈಸೆ. ಶಾಂಪೂವಿನಲ್ಲಿ ಎಷ್ಟೋ ಸಲ ಒಂದು ರೂಪಾಯಿ ಎರಡು ರೂಪಾಯಿಯ ಸ್ಯಾಶೆಯೇ ಬಾಟಲಿಗಿಂತ ಅಗ್ಗ ಬೀಳುತ್ತದೆ. ಭಾಗಾಕಾರ ಮಾಡುವ ತೊಂದರೆಯೂ ಈಗಿಲ್ಲ. ಗರಿಷ್ಠ ಮಾರಾಟ ಬೆಲೆಯ ಪಕ್ಕದಲ್ಲೇ ಗ್ರಾಮಿಗೆ ಅಥವಾ ಮಿಲಿಲೀಟರಿಗೆ ಎಷ್ಟು ಅಂತ ಅಚ್ಚು ಹಾಕುವುದನ್ನು ಕಾನೂನು ಕಡ್ಡಾಯ ಮಾಡಿದೆ. ಅಕ್ಷರ ಸಣ್ಣದು, ಆದರೂ ಹುಡುಕಿ ಓದಿ. ಬಿಸ್ಕತ್ತಿನ ಪೊಟ್ಟಣದ ಬೆಲೆ ಹಾಗೇ ಇದ್ದು ಒಳಗಿನ ತೂಕ ಕಡಿಮೆಯಾಗಿರುವುದೂ ಅಲ್ಲೇ ಗೊತ್ತಾಗುತ್ತದೆ.

ಇಲ್ಲಿ ನಾನು ಸ್ವಲ್ಪ ನಿಂತು, ಗಂಡಸರಿಗೂ ಕೇಳುವ ಹಾಗೆ ಒಂದು ಮಾತು ಹೇಳಬೇಕು. ನಮ್ಮ ಮನೆಗಳಲ್ಲಿ ಉಳಿತಾಯ ಅಂದದ್ದು ಬಹಳ ಸಲ ಗೃಹಿಣಿಯ ತಟ್ಟೆಯಿಂದಲೇ ಆಗಿದೆ. ಎಲ್ಲರಿಗೂ ಬಡಿಸಿದ ಮೇಲೆ ತಳದಲ್ಲಿ ಉಳಿದ ಅನ್ನ, ನೀರಾದ ಸಾರು ಅವಳ ಪಾಲು. ಹಾಲು ಮಕ್ಕಳಿಗೆ, ಮೊಟ್ಟೆ ದುಡಿಯುವವರಿಗೆ, ಅವಳಿಗೆ ಮಜ್ಜಿಗೆ. ಹೊಲದಲ್ಲಿ, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಅವಳೂ ದುಡಿಯುತ್ತಾಳೆ ಅನ್ನುವುದನ್ನು ಆ ಹೊತ್ತಿಗೆ ಮನೆ ಮರೆತಿರುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಆ ತಟ್ಟೆಯಿಂದ ಉಳಿಸಿದ ದುಡ್ಡನ್ನು ನಾನು ಉಳಿತಾಯ ಅಂತ ಲೆಕ್ಕ ಹಿಡಿಯಲಾರೆ. ಅದು ಮುಂದೆ ಆಸ್ಪತ್ರೆಯ ಬಿಲ್ಲಾಗಿ ಬರುತ್ತದೆ, ಬರದಿದ್ದರೂ ಒಬ್ಬಳ ಜೀವ ಬಳಲಿರುತ್ತದೆ. ಹಾಗೆಯೇ ದೋಸೆ ಹಿಟ್ಟನ್ನು ಮನೆಯಲ್ಲೇ ರುಬ್ಬಿದರೆ ಅಗ್ಗ, ನಿಜ. ಆದರೆ ಬೆಳಿಗ್ಗೆ ಏಳಕ್ಕೆ ಬಸ್ಸು ಹಿಡಿಯುವವಳ ಮೇಲೆ ರುಬ್ಬುವ ಕೆಲಸವನ್ನೂ ಹೊರಿಸಿ ಉಳಿಸುವುದಾದರೆ ಅವಳ ನಿದ್ದೆಗೆ ನೀವು ಬೆಲೆ ಕಟ್ಟಲಿಲ್ಲ ಅಂತಾಯಿತು. ರುಬ್ಬಲು ಕೈ ಜೋಡಿಸಿ, ಇಲ್ಲವೇ ಹಿಟ್ಟಿನ ಪೊಟ್ಟಣವನ್ನು ಸಂತೋಷವಾಗಿ ಕೊಳ್ಳಿ.

ಔಷಧಿಯಲ್ಲಿ ಉಳಿಸುವುದು ಅಂದರೆ ಮಾತ್ರೆ ಬಿಡುವುದು ಅಂತ ತಿಳಿದವರಿದ್ದಾರೆ. ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವ ಹಿರಿಯರು ನಿಮ್ಮ ಬೀದಿಯಲ್ಲೂ ಇರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಮಾತ್ರೆಯ ಹಾಳೆಯ ಹಿಂದೆ ಕಂಪನಿ ಇಟ್ಟ ಹೆಸರಿನ ಜೊತೆಗೆ ಒಳಗಿರುವ ಔಷಧದ ಮೂಲ ಹೆಸರೂ ಇರುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟನ್, ಹೀಗೆ. 2008ರಲ್ಲಿ ಶುರುವಾದ ಜನೌಷಧಿ ಮಳಿಗೆಗಳಲ್ಲಿ ಅದೇ ಮೂಲ ಹೆಸರಿನ, ಅದೇ ಪ್ರಮಾಣದ ಮಾತ್ರೆ ಸಾಮಾನ್ಯವಾಗಿ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ. ವೈದ್ಯರ ಹತ್ತಿರ ಹೋದಾಗ, ಮೂಲ ಹೆಸರು ಬರೆದುಕೊಡಿ ಡಾಕ್ಟ್ರೇ, ಜನೌಷಧಿಯಲ್ಲಿ ತಗೋಬಹುದಾ ಅಂತ ಕೇಳಿ. ದಿನವೂ ನುಂಗುವ ಮಾತ್ರೆಯಿರುವ ಮನೆಯಲ್ಲಿ ತಿಂಗಳ ಖರ್ಚು ಇಳಿಯುವುದು ಕಣ್ಣಿಗೆ ಕಾಣುತ್ತದೆ.

ಇಷ್ಟು ಹೊತ್ತು ಹೇಳಿದ್ದು ಹತ್ತು, ಐವತ್ತು, ಇನ್ನೂರು ರೂಪಾಯಿಗಳ ಮಾತು. ಈಗ ದೊಡ್ಡ ತೂತಿಗೆ ಬರೋಣ. ಅದು ಬಡ್ಡಿ.

ನಮ್ಮಲ್ಲಿ ಬಡ್ಡಿಯನ್ನು ನೂರಕ್ಕೆ ಇಷ್ಟು ರೂಪಾಯಿ ಅಂತ ಹೇಳುವ ರೂಢಿ. ನೂರಕ್ಕೆ ಐದು ಅಂದರೆ ಸಣ್ಣ ಮೊತ್ತದ ಹಾಗೆ ಕೇಳಿಸುತ್ತದೆ. ಅದು ತಿಂಗಳ ಬಡ್ಡಿ, ವರ್ಷಕ್ಕೆ ಶೇಕಡಾ 60. ಇಪ್ಪತ್ತು ಸಾವಿರ ಸಾಲಕ್ಕೆ ತಿಂಗಳಿಗೆ ಸಾವಿರ ರೂಪಾಯಿ ಬಡ್ಡಿ, ವರ್ಷಕ್ಕೆ 12 ಸಾವಿರ ಕಟ್ಟಿದ ಮೇಲೂ ಅಸಲು ಇಪ್ಪತ್ತು ಸಾವಿರ ಹಾಗೇ ನಿಂತಿರುತ್ತದೆ. ಸ್ತ್ರೀಶಕ್ತಿ ಸಂಘದಲ್ಲೋ ಸ್ವಸಹಾಯ ಗುಂಪಿನಲ್ಲೋ ನೂರಕ್ಕೆ ಒಂದು ರೂಪಾಯಿಯ ಹಾಗೆ ಸಿಕ್ಕಿದರೆ ಅದೇ ಸಾಲಕ್ಕೆ ತಿಂಗಳಿಗೆ 200 ರೂಪಾಯಿ ಬಡ್ಡಿ. ಈ 800 ರೂಪಾಯಿಯ ವ್ಯತ್ಯಾಸವನ್ನು ಯಾವ ಕುಕ್ಕರೂ ಯಾವ ಎಲ್‌ಇಡಿಯೂ ಉಳಿಸಿಕೊಡುವುದಿಲ್ಲ. ಮನೆಯಲ್ಲಿ ಒಡವೆಯಿದ್ದರೆ ಗಿರವಿ ಅಂಗಡಿಗೆ ಹೋಗುವ ಮೊದಲು ಬ್ಯಾಂಕಿನ ಚಿನ್ನದ ಸಾಲ ವಿಚಾರಿಸಿ. ಅದಾಗಲೇ ಹೆಚ್ಚಿನ ಬಡ್ಡಿಯಲ್ಲಿ ಸಿಕ್ಕಿಕೊಂಡಿದ್ದರೆ ಸಂಘದಲ್ಲೋ ಬ್ಯಾಂಕಿನಲ್ಲೋ ಕಡಿಮೆ ಬಡ್ಡಿಗೆ ಎತ್ತಿ ಆ ಸಾಲಕ್ಕೆ ಕಟ್ಟಿ. ಮನೆಬಾಗಿಲಿಗೆ ಬಂದು ಬೆದರಿಸಿ ಸಾಲ ವಸೂಲಿ ಮಾಡುವುದರ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಕಾನೂನೇ ಬಂದಿದೆ. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು, ಅವಮಾನಕ್ಕೆ ಹೆದರಿ ಒಳಗೊಳಗೇ ನವೆಯಬೇಡಿ.

ಪಟ್ಟಣದ ಕೆಲಸಗಾರರಿಗೆ ಇದೇ ಕಾಟ ಕ್ರೆಡಿಟ್ ಕಾರ್ಡಿನ ರೂಪದಲ್ಲಿ ಬರುತ್ತದೆ. ಬಿಲ್ಲಿನಲ್ಲಿ ಕನಿಷ್ಠ ಮೊತ್ತ ಇಷ್ಟು ಅಂತ ಬರೆದಿರುತ್ತದೆ. ಅದನ್ನಷ್ಟೇ ಕಟ್ಟಿ ನಿಟ್ಟುಸಿರು ಬಿಟ್ಟರೆ ಉಳಿದ ಬಾಕಿಯ ಮೇಲೆ ತಿಂಗಳಿಗೆ ಶೇಕಡಾ 3.5ರ ಆಸುಪಾಸು ಬಡ್ಡಿ ಏರುತ್ತದೆ. ಏನೂ ಕಟ್ಟದೆ ಬಿಟ್ಟರಂತೂ ಹತ್ತು ಸಾವಿರದ ಬಾಕಿ ಒಂದು ವರ್ಷದಲ್ಲಿ ಹದಿನೈದು ಸಾವಿರ ದಾಟಲು ಈ ಬಡ್ಡಿಯೊಂದೇ ಸಾಕು.

ಇಂಥ ಸಾಲ ತಲೆಯ ಮೇಲಿರುವಾಗ ತಿಂಗಳಿಗೆ ಐನೂರು ಉಳಿತಾಯ ಖಾತೆಗೆ ಹಾಕುವುದರಲ್ಲಿ ಅರ್ಥವಿಲ್ಲ. ಅಲ್ಲಿ ಸಿಗುವ ಬಡ್ಡಿಯ ಹಲವು ಪಟ್ಟು ಇಲ್ಲಿ ಕಟ್ಟುತ್ತಿರುತ್ತೀರಿ. ಆಪತ್ತಿಗೆ ಅಂತ ಎರಡು ಮೂರು ಸಾವಿರ ಕೈಯಲ್ಲಿಟ್ಟುಕೊಂಡು ಮಿಕ್ಕದ್ದನ್ನು ಸಾಲಕ್ಕೆ ಕಟ್ಟಿ ಮುಗಿಸಿ. ಸಾಲ ತೀರಿದ ತಿಂಗಳಿಂದ, ಅದೇ ಕಂತಿನ ಹಣ ಕೈಗೆ ಅಭ್ಯಾಸವಾಗಿರುವಾಗಲೇ, ಉಳಿತಾಯ ಶುರುಮಾಡಿ.

ಅಂಚೆ ಕಚೇರಿಯ ಆರ್‌ಡಿ ಖಾತೆಯನ್ನು ತಿಂಗಳಿಗೆ 100 ರೂಪಾಯಿಯಿಂದ ತೆರೆಯಬಹುದು, ಐದು ವರ್ಷದ ಅವಧಿ. ಶೇಕಡಾ 6.7ರ ಬಡ್ಡಿ ದರದಲ್ಲಿ ತಿಂಗಳಿಗೆ ಸಾವಿರ ಕಟ್ಟಿದರೆ ಕಟ್ಟಿದ 60 ಸಾವಿರ ಐದು ವರ್ಷಕ್ಕೆ ಸುಮಾರು 71 ಸಾವಿರ ಆಗುತ್ತದೆ. ಬಡ್ಡಿ ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ, ನೀವು ತೆರೆಯುವ ದಿನ ಎಷ್ಟಿದೆ ಅಂತ ಕೇಳಿಕೊಳ್ಳಿ. ಹತ್ತು ವರ್ಷದೊಳಗಿನ ಹೆಣ್ಣುಮಗಳಿದ್ದರೆ ಸುಕನ್ಯಾ ಸಮೃದ್ಧಿ ಖಾತೆಗೆ ವರ್ಷಕ್ಕೆ 250 ರೂಪಾಯಿ ಕಟ್ಟಿದರೂ ನಡೆಯುತ್ತದೆ. ಸಂಬಳದ ದಿನ, ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಬಂದ ದಿನ, ಹಾಲಿನ ಡೇರಿಯ ಬಟವಾಡೆಯ ದಿನ, ಅವತ್ತೇ ತೆಗೆದಿಡಬೇಕು. ತಿಂಗಳ ಕೊನೆಗೆ ಉಳಿದರೆ ಹಾಕೋಣ ಅಂದುಕೊಂಡರೆ ಉಳಿಯುವುದಿಲ್ಲ. ಅದರಲ್ಲೂ ಫೋನಿನಲ್ಲಿ ದುಡ್ಡು ಕೊಡುವ ಈ ಕಾಲದಲ್ಲಿ, ನೋಟು ಕೈಬಿಡುವಾಗ ಆಗುತ್ತಿದ್ದ ಸಣ್ಣ ಹಿಂಜರಿಕೆಯೂ ಹೋಗಿದೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುತ್ತೀರಲ್ಲ, ಆ ದಿನ ಫೋನಿನಿಂದ ಹೋದ ಮೊತ್ತವನ್ನೂ ಅದರ ಕೆಳಗೇ ಬರೆದಿಡಿ. ವಾರ ಕಳೆಯುವುದರೊಳಗೆ ಎಲ್ಲಿ ಹೋಗುತ್ತಿದೆ ಅಂತ ಮನೆಯವರೆಲ್ಲರಿಗೂ ಕಾಣುತ್ತದೆ.

ಉಳಿಸಿದ್ದನ್ನು ಎಲ್ಲಿಡುತ್ತೇವೆ ಅನ್ನುವುದು ಎಷ್ಟು ಉಳಿಸಿದೆವು ಅನ್ನುವಷ್ಟೇ ಮುಖ್ಯ. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿ, ಪ್ರತಿ ಬ್ಯಾಂಕಿನಲ್ಲಿ ಒಬ್ಬರಿಗೆ 5 ಲಕ್ಷ ರೂಪಾಯಿಯವರೆಗೆ ಡಿಐಸಿಜಿಸಿ ಎಂಬ ಸಂಸ್ಥೆಯ ವಿಮೆ ಇದೆ. 2020ಕ್ಕೆ ಮೊದಲು ಇದು ಒಂದೇ ಲಕ್ಷ ಇತ್ತು. ಆದರೆ ಊರೂರಿನಲ್ಲಿರುವ ಸೌಹಾರ್ದ ಸಹಕಾರಿಗಳಿಗೆ, ಪತ್ತಿನ ಸಹಕಾರ ಸಂಘಗಳಿಗೆ ಈ ವಿಮೆಯ ರಕ್ಷಣೆ ಇಲ್ಲ. ಒಳ್ಳೆಯ ಸಂಘಗಳು ಇಲ್ಲದಿಲ್ಲ, ಹಳ್ಳಿಗಳಿಗೆ ಅವು ಮಾಡಿರುವ ಉಪಕಾರವನ್ನೂ ನಾನು ಮರೆತಿಲ್ಲ. ಆದರೆ ನಿವೃತ್ತಿಯ ಇಡೀ ಗಂಟನ್ನು ಒಂದೂವರೆ ಎರಡು ಪರ್ಸೆಂಟ್ ಹೆಚ್ಚಿನ ಬಡ್ಡಿಗೆ ಅಲ್ಲಿಟ್ಟು ಕಳೆದುಕೊಂಡು, ಎಪ್ಪತ್ತರ ವಯಸ್ಸಿನಲ್ಲಿ ಕಚೇರಿಯಿಂದ ಕಚೇರಿಗೆ ಅಲೆಯುವವರನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಠೇವಣಿ ಇಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದಕ್ಕೆ ಡಿಐಸಿಜಿಸಿ ವಿಮೆ ಇದೆಯೇ? ಇಲ್ಲ ಅಂದರೆ, ಹೋದರೂ ಸಂಸಾರ ನಿಲ್ಲುವಷ್ಟನ್ನು ಮಾತ್ರ ಅಲ್ಲಿಡಿ. ಚೀಟಿ ಹಾಕುವವರೂ ಅಷ್ಟೇ. 1982ರ ಚಿಟ್ ಫಂಡ್ ಕಾಯಿದೆಯ ಪ್ರಕಾರ ನೋಂದಣಿಯಾದ ಚೀಟಿಯೇ ಅಂತ ವಿಚಾರಿಸಿಕೊಳ್ಳಿ. ನಮ್ಮ ರಾಜ್ಯ ಸರ್ಕಾರದ ಎಂಎಸ್‌ಐಎಲ್ ಸಂಸ್ಥೆ ಕೂಡ ಚೀಟಿ ನಡೆಸುತ್ತದೆ.

ಕೊನೆಯದಾಗಿ, ಉಳಿಸಲು ಏನೂ ಇಲ್ಲ, ದಿನದ ಕೂಲಿ ದಿನಕ್ಕೇ ಸರಿ ಅನ್ನುವವರಿಗೆ. ಬ್ಯಾಂಕ್ ಖಾತೆಯಿದ್ದರೆ ವರ್ಷಕ್ಕೆ 20 ರೂಪಾಯಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದೆ, ಅಪಘಾತದಲ್ಲಿ ಸಾವಾದರೆ 2 ಲಕ್ಷ. 18ರಿಂದ 70 ವರ್ಷದವರು ಸೇರಬಹುದು. 436 ರೂಪಾಯಿಗೆ ಜೀವನಜ್ಯೋತಿ ಬಿಮಾ ಇದೆ, ಯಾವ ಕಾರಣದಿಂದ ಸಾವಾದರೂ 2 ಲಕ್ಷ, ಸೇರುವ ವಯಸ್ಸು 18ರಿಂದ 50. ಎರಡೂ ಸೇರಿ 456 ರೂಪಾಯಿ. ಈ ಹಣ ಖಾತೆಯಿಂದ ತಾನಾಗಿ ಕಡಿತವಾಗುವುದು ಮೇ ತಿಂಗಳ ಕೊನೆಯಲ್ಲಿ. ಆ ವಾರ ಖಾತೆ ಬರಿದಾಗಿದ್ದರೆ ವಿಮೆ ತಪ್ಪಿಹೋಗುತ್ತದೆ, ಅದಕ್ಕೇ ಮೇ ಇಪ್ಪತ್ತರೊಳಗೆ ಅಷ್ಟು ಹಣ ಹಾಕಿಡಿ. ಮತ್ತು ಮನೆಯವರಿಗೆ ಹೇಳಿಡಿ. ವಿಮೆ ಇದ್ದದ್ದೇ ಗೊತ್ತಿಲ್ಲದೆ ಹಣ ಕೇಳದೇ ಉಳಿದ ಸಂಸಾರಗಳಿವೆ. ಪಾಸ್‌ಬುಕ್ ಎಲ್ಲಿದೆ, ನಾಮಿನಿ ಯಾರು, ಯಾವ ಬ್ಯಾಂಕಿನ ಯಾವ ಶಾಖೆ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ರೇಷನ್ ಕಾರ್ಡಿನ ಜೊತೆ ಇಡಿ. ಇವತ್ತು ಸಂಜೆಯೇ ಬರೆದಿಡಿ.